ಕಲೆಯಿಲ್ಲದ ಕೈ

"ಇನ್ನೂ ಒಂಚೂರು ದೊಡ್ಡದು ಮಾಡ್ರಿ ದಫೇದಾರ್ರೇ," ಎಂದ ಮಾಲತೇಶ.

ಮಲ್ಲೇಶಪ್ಪ ಗುಂಡಿ ಒತ್ತಿದರು. ಹೊನ್ನಾಳಿ ತಾಲ್ಲೂಕು ಕಚೇರಿಯ ಎದುರಿಗಿದ್ದ ಅವರ ಜೆರಾಕ್ಸ್ ಅಂಗಡಿಯ ಕಲರ್ ಪ್ರಿಂಟರು ಗೊರಗೊರ ಅಂದು ನಾಲ್ಕನೇ ಹಾಳೆಯನ್ನು ಹೊರಗೆ ದಬ್ಬಿತು. ಮೊದಲ ಹಾಳೆಯಲ್ಲಿ ಮೈಸೂರು ಅರಮನೆಯ ಗೋಪುರವಿತ್ತು, ಅದರ ಮುಂದೆ ಒಂದರ ಮೇಲೊಂದು ಇಟ್ಟ ಎರಡು ಕೈಗಳಿದ್ದವು. ಎರಡನೆಯದರಲ್ಲಿ ಅರಮನೆ ಹೋಯಿತು. ಮೂರನೆಯದರಲ್ಲಿ ಗಂಡಸಿನ ಕೈಯ ವಾಚು ಹೋಯಿತು. ನಾಲ್ಕನೆಯದರಲ್ಲಿ ಉಳಿದದ್ದು ಹೆಚ್ಚುಕಮ್ಮಿ ಒಂದು ಹೆಂಗಸಿನ ಅಂಗೈ, ಅದರ ತುಂಬ ಬಳ್ಳಿ ಬಳ್ಳಿಯಾಗಿ ಮೆಹಂದಿ.

ಮಾಲತೇಶನ ಭಾವ ನಾಗರಾಜ ಶನಿವಾರ ಸಂಜೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದ ಫೋಟೋ ಅದು. 'ನಾಲ್ಕನೇ ವರ್ಷದ ಮದುವೆ ವಾರ್ಷಿಕೋತ್ಸವ, ಮೈಸೂರಿನಲ್ಲಿ ನಾನು ಮತ್ತು ನನ್ನ ಅನ್ನಪೂರ್ಣ' ಎಂದು ಕೆಳಗೆ ಬರೆದು ಮೂರು ಕೆಂಪು ಹೃದಯ ಇಟ್ಟಿದ್ದ.

ಮಾರನೇ ದಿನ ಬೆಳಿಗ್ಗೆ ಆ ಅನ್ನಪೂರ್ಣ ಲಾಡ್ಜಿನಿಂದ ಕಾಣೆಯಾದಳು. ಹಾಗಂತ ನಾಗರಾಜ ಹೇಳಿದ. ಇವತ್ತು ಗುರುವಾರ.

ಮಾಲತೇಶ ದಿನ ಎಣಿಸುತ್ತಿರಲಿಲ್ಲ, ಮಾತ್ರೆ ಎಣಿಸುತ್ತಿದ್ದ. ಅಕ್ಕನಿಗೆ ಹತ್ತು ವರ್ಷದವಳಿದ್ದಾಗಿನಿಂದ ಫಿಟ್ಸ್. ಹೊತ್ತಿಗೆ ಸರಿಯಾಗಿ ದಿನಕ್ಕೆರಡು ಮಾತ್ರೆ ಬಿದ್ದರೆ ಎಲ್ಲರಂತೆ ಓಡಾಡುತ್ತಾಳೆ. ಒಂದು ದಿನ ತಪ್ಪಿದರೆ ತುಟಿ ಅದುರುತ್ತದೆ, ಎರಡು ದಿನ ತಪ್ಪಿದರೆ ನಿಂತಲ್ಲೇ ಬೀಳುತ್ತಾಳೆ. ಮೈಸೂರಿಗೆಂದು ಹೊರಡುವಾಗ ಮೂರು ದಿನಕ್ಕೆ ಆರು ಮಾತ್ರೆ ಕತ್ತರಿಸಿಕೊಂಡಿದ್ದಳು. ಉಳಿದ ಪಟ್ಟಿ ನಲ್ಲೂರಿನ ಗಂಡನ ಮನೆಯ ಗೂಡಿನಲ್ಲೇ ಇತ್ತು. ಅಂದರೆ ಸೋಮವಾರದಿಂದ ಅವಳ ಹೊಟ್ಟೆಗೆ ಮಾತ್ರೆ ಬಿದ್ದಿಲ್ಲ. ಎಲ್ಲಿ ಬಿದ್ದಿದ್ದಾಳೋ, ಬಿದ್ದಾಗ ನಾಲಿಗೆ ಕಚ್ಚಿಕೊಳ್ಳದಂತೆ ಮಗ್ಗುಲಾಗಿ ಮಲಗಿಸುವವರು ಯಾರಾದರೂ ಇದ್ದರೋ ಇಲ್ಲವೋ.

ಪೊಲೀಸರ ಕಥೆ ಹೇಳಿದರೆ ಬಾಯಿ ಹೊಲಸಾಗುತ್ತದೆ. ಮೈಸೂರಿನ ಠಾಣೆಯವರು ದೂರು ಬರೆದುಕೊಂಡು ಹುಡುಕುತ್ತೇವೆ ಅಂದರು. ಇಲ್ಲಿನ ಠಾಣೆಯವರು ಅದು ಅಲ್ಲಿಗೆ ಸೇರಿದ್ದು ಅಂದರು. ಒಬ್ಬ ಸಾಹೇಬರಂತೂ ನಿಮ್ಮಕ್ಕ ಫೋನಿನಲ್ಲಿ ಯಾರ ಹತ್ತಿರ ಜಾಸ್ತಿ ಮಾತಾಡುತ್ತಿದ್ದಳು ಎಂದು ಕೇಳಿ ತುಟಿಯ ತುದಿಯಲ್ಲಿ ನಕ್ಕಿದ್ದರು. ಇಲ್ಲದವರ ಮನೆಯ ಹೆಣ್ಣುಮಗಳು ಕಾಣೆಯಾದರೆ ಇವರು ಮೊದಲು ಅವಳ ನಡತೆಯನ್ನು ಹುಡುಕುತ್ತಾರೆ. ಅವಳನ್ನು ಹುಡುಕುವುದು ಆಮೇಲೆ, ಪುರುಸೊತ್ತಾದರೆ. ಆ ನಗುವಿಗೆ ಮಾಲತೇಶ ಮೇಜು ತಳ್ಳಿ ಎದ್ದಿದ್ದ. ಇಬ್ಬರು ಪೇದೆಗಳು ರೆಟ್ಟೆ ಹಿಡಿದು ಹೊರಗೆ ಬಿಟ್ಟಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ನ್ಯಾಮತಿಯಲ್ಲಿ ಜೆಸಿಬಿ ಓಡಿಸುವ ಇಪ್ಪತ್ನಾಲ್ಕರ ಹುಡುಗನ ಸಿಟ್ಟಿಗೆ ಯಾವ ಠಾಣೆಯಲ್ಲೂ ಬೆಲೆಯಿಲ್ಲ.

ಹೊರಗೆ ಕೂತವನನ್ನು ಕರೆದು ಚಹಾ ಕೊಡಿಸಿದವರೇ ಈ ಮಲ್ಲೇಶಪ್ಪ. ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ದಫೇದಾರರಾಗಿ ನಿವೃತ್ತಿಯಾದವರು. ಎರಡೂ ಮಂಡಿ ಹೋಗಿದ್ದವು, ಕಣ್ಣು ಹೋಗಿರಲಿಲ್ಲ.

ಅವರು ಈಗ ನಾಲ್ಕನೇ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದರು.

"ನಿಮ್ಮಕ್ಕ ಅಡಿಕೆ ಸುಲಿಯಾಕೆ ಹೋಗ್ತಿದ್ಲಾ?"

"ಹೂಂ. ಸೆಪ್ಟೆಂಬರಿಂದ ದಿನಾ. ನಲ್ಲೂರಾಗೆ ಯಾರ್ ಹೋಗಲ್ಲ ಹೇಳ್ರಿ."

"ಹಂಗಾದ್ರೆ ಈ ಕೈ ಯಾರ್ದು ಅಂತ ನೀನೇ ಹೇಳು."

ಮಾಲತೇಶ ಹಾಳೆ ಇಸಿದುಕೊಂಡ. ಮೂರು ದಿನದಿಂದ ಅದೇ ಫೋಟೋವನ್ನು ನೂರು ಸಲ ನೋಡಿದ್ದ. ನೂರು ಸಲವೂ ಅಕ್ಕನನ್ನು ನೋಡಿದ್ದನೇ ಹೊರತು ಕೈಯನ್ನು ನೋಡಿರಲಿಲ್ಲ.

ಹಸಿ ಅಡಿಕೆ ಸುಲಿಯುವವರ ಕೈಯನ್ನು ಈ ಸೀಮೆಯಲ್ಲಿ ಯಾರೂ ವರ್ಣಿಸಬೇಕಿಲ್ಲ. ಸಿಪ್ಪೆಯ ಚೊಗರು ಹತ್ತಿ ಮೊದಲ ವಾರ ಕಂದು, ಎರಡನೇ ವಾರಕ್ಕೆ ಕಪ್ಪು. ಬೆರಳ ಸಂದಿ, ಉಗುರಿನ ಬುಡ, ಅಂಗೈಯ ಗೆರೆ ಎಲ್ಲವೂ ಕಾಡಿಗೆ ತುಂಬಿದಂತೆ. ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ. ಸುಗ್ಗಿ ಮುಗಿದು ಚರ್ಮವೇ ಒಂದು ಪೊರೆ ಕಳಚಿದ ಮೇಲೆ ಹೋಗಬೇಕು. ದೀಪಾವಳಿಗೆ ತವರಿಗೆ ಬಂದಾಗ ಅನ್ನಪೂರ್ಣ ಸೆರಗಿನೊಳಗೆ ಕೈ ಮುಚ್ಚಿಕೊಂಡೇ ಹೋಳಿಗೆ ಬಡಿಸಿದ್ದಳು. ಅದಾಗಿ ಹದಿನೈದು ದಿನವೂ ಆಗಿರಲಿಲ್ಲ.

ಹಾಳೆಯ ಮೇಲಿನ ಅಂಗೈ ಆಗ ತಾನೇ ಬಿಡಿಸಿದ ಬಾಳೆಹಣ್ಣಿನ ಹಾಗಿತ್ತು. ಅದಕ್ಕೇ ಮೆಹಂದಿ ಅಷ್ಟು ಕೆಂಪಗೆ ಕೂತಿತ್ತು. ಅಕ್ಕನ ಕೈಗೆ ಹಚ್ಚಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

"ನಾಕು ವರ್ಷ ಸಂಸಾರ ಮಾಡ್ಯಾನೆ," ಎಂದ ಮಾಲತೇಶ. ಮಾತು ಹಲ್ಲಿನ ಸಂದಿಯಿಂದ ಬಂತು. "ಹೆಂಡ್ತಿ ಕೈ ಯಾವ ಬಣ್ಣ ಅಂತ ಗೊತ್ತಿಲ್ಲ ಆ ನನ್ಮಗನಿಗೆ."

ಮಲ್ಲೇಶಪ್ಪ ಇನ್ನೆರಡು ವಿಷಯ ಹೇಳಿದರು. ಬೆಳಿಗ್ಗೆ ಅವರು ಆ ಲಾಡ್ಜಿಗೆ ಫೋನು ಮಾಡಿದ್ದರು. ಗಂಡ ಹೆಂಡತಿ ಇಬ್ಬರ ಆಧಾರ್ ಜೆರಾಕ್ಸೂ ರಿಜಿಸ್ಟರಿನಲ್ಲಿತ್ತು, ಪ್ರತಿ ಸಲ ಎರಡೆರಡು ಊಟ ರೂಮಿಗೆ ಹೋಗಿತ್ತು. ಆದರೆ ಆ ಹೆಂಗಸನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳಿದರೆ ಮ್ಯಾನೇಜರ್ ತಡವರಿಸಿದ. ಎರಡನೆಯದು ದೂರಿನ ಹೊತ್ತು. ಹೆಂಡತಿ ಭಾನುವಾರ ಬೆಳಿಗ್ಗೆ ಕಾಣೆಯಾದಳು ಅನ್ನುವವನು ಠಾಣೆಗೆ ಹೋದದ್ದು ಸೋಮವಾರ ಸಂಜೆ. ನಡುವೆ ಒಂದೂವರೆ ದಿನ.

"ಆ ಒಂದೂವರೆ ದಿನ ನಿಮ್ಮ ಭಾವ ಎಲ್ಲಿದ್ದ?"

ಮಾಲತೇಶ ಆಗಲೇ ಬೈಕಿನ ಕೀಲಿ ತೆಗೆದಿದ್ದ. ಮಲ್ಲೇಶಪ್ಪ ಅಂಗಡಿಯ ಶಟರ್ ಎಳೆದು, ಮಂಡಿಗೆ ಪಟ್ಟಿ ಬಿಗಿದುಕೊಂಡು ಹಿಂದೆ ಕೂತರು. ಚನ್ನಗಿರಿ ದಾಟುವವರೆಗೆ ಒಂದೇ ಒಂದು ಮಾತಾಡಿದರು, ಲೇ ತಮ್ಮಾ, ಇದು ಬೈಕು, ಜೆಸಿಬಿ ಅಲ್ಲ, ಎದುರಿಗೆ ಬಂದದ್ದನ್ನೆಲ್ಲ ಕಿತ್ತು ಹಾಕಾಕೆ ಆಗಲ್ಲ ಅಂತ.

*

ನಲ್ಲೂರಿಗೆ ಬಂದವರು ಮೊದಲು ಹೋದದ್ದು ಅಡಿಕೆ ಸುಲಿಯುವ ಚಪ್ಪರಕ್ಕೆ. ಅದು ಮಲ್ಲೇಶಪ್ಪನವರ ಹಟ. ಗಂಡನ ಬಾಯಿ ಬಿಡಿಸುವ ಮುಂಚೆ ಹೆಂಡತಿಯ ಜತೆ ಕೂತು ಕೆಲಸ ಮಾಡಿದವರ ಮಾತು ಕೇಳಬೇಕು ಅಂದರು. ಮಾಲತೇಶನಿಗೆ ಒಂದೊಂದು ನಿಮಿಷವೂ ಒಂದೊಂದು ಮಾತ್ರೆಯಾಗಿ ಕಾಣುತ್ತಿತ್ತು.

ಸಾಲಾಗಿ ಕೂತು ಸುಲಿಯುತ್ತಿದ್ದ ಹೆಂಗಸರು ಅವನನ್ನು ನೋಡಿ ಮಾತು ನಿಲ್ಲಿಸಿದರು. ಅನ್ನಪೂರ್ಣಳ ಜಾಗ ಖಾಲಿಯಿತ್ತು. ಯಾರೂ ಅಲ್ಲಿ ಕೂತಿರಲಿಲ್ಲ. ಪಕ್ಕದ ಮಣೆಯ ಲಕ್ಷ್ಮಿದೇವಿ ಕಣ್ಣೊರೆಸಿಕೊಂಡು ಎದ್ದು ಬಂದಳು. ಅವಳ ಹತ್ತು ಬೆರಳೂ ಕರ್ರಗಿದ್ದವು.

ಅವಳು ಹೇಳಿದ್ದು ಇಷ್ಟು. ಹೊರಡುವ ಹಿಂದಿನ ದಿನ ಅನ್ನಪೂರ್ಣ ನಿಂಬೆಹಣ್ಣು, ಹುಣಸೆಹುಳಿ, ಕೊನೆಗೆ ಬ್ಲೀಚಿಂಗ್ ಪುಡಿ ಕೂಡ ಹಾಕಿ ಕೈ ತಿಕ್ಕಿಕೊಂಡಳಂತೆ. ಚರ್ಮ ಉರಿದದ್ದಷ್ಟೇ ಬಂತು. ಚನ್ನಗಿರಿಯ ಬ್ಯೂಟಿ ಪಾರ್ಲರಿಗೆ ಹೋಗಿ ಮೆಹಂದಿ ಕೇಳಿದರೆ ಅಲ್ಲಿನ ಹುಡುಗಿ, ಅಕ್ಕಾ ಇದರ ಮೇಲೆ ಬಣ್ಣ ಹತ್ತಲ್ಲ, ಸುಮ್ನೆ ಯಾಕೆ ಅಂದು ವಾಪಸು ಕಳಿಸಿದಳಂತೆ. ನಾವೆಲ್ಲ ಸೇರಿ ಗೋಳು ಹೊಯ್ಕೊಂಡ್ವಿ, ಲೇ ಅನ್ನಕ್ಕಾ, ನಿನ್ ಗಂಡ ಮೈಸೂರಾಗೆ ಕೈ ಬಿಟ್ಟು ಸೆರಗು ಹಿಡ್ಕಂಡು ಓಡಾಡ್ಲಿ ಬಿಡು ಅಂತ, ಎಂದಳು ಲಕ್ಷ್ಮಿದೇವಿ.

ಮಲ್ಲೇಶಪ್ಪ ಬೇರೆ ಏನಾದರೂ ಇದೆಯಾ ಎಂದು ಕೇಳಿದರು. ಅವಳು ಹಿಂದೆ ಮುಂದೆ ನೋಡಿದಳು.

"ಒಂದೈತ್ರಿ. ನನ್ ಹತ್ರ ಐದು ಅರಿಶಿಣದ ಕೊಂಬು ಇಸ್ಕಂಡ್ಲು. ಬ್ಯಾಗಿನಾಗೆ ಸೇರು ಅಕ್ಕಿ, ಎರಡು ಕೊಬ್ರಿ ಬಟ್ಲು, ರವಿಕೆ ಪೀಸು, ಹಸಿರು ಬಳೆ. ಯಾಕೆ ಅಂದ್ರೆ ಚಾಮುಂಡಿಗೆ ಅಂದ್ಲು. ದೇವ್ರಿಗೆ ಯಾರಾದ್ರೂ ಸೇರು ಅಕ್ಕಿ ಹೊತ್ಕಂಡು ಹೋಗ್ತಾರೇನ್ರಿ? ಅದು ಉಡಿ ತುಂಬೋ ಸಾಮಾನು. ಬಸುರಿ ಹೆಂಗ್ಸಿಗೆ."

ಚಪ್ಪರದಿಂದ ಹೊರಗೆ ಬಂದ ಮೇಲೆ ಮಲ್ಲೇಶಪ್ಪ ನಿಂತರು. ನಿಮ್ಮಕ್ಕ ಉಡಿ ತುಂಬುವಂಥ ಬಸುರಿ ಹೆಣ್ಣು ನಿಮ್ಮ ಕುಲದಲ್ಲಿ ಯಾರಿದ್ದಾರೆ ಎಂದು ಕೇಳಿದರು.

"ಯಾರೂ ಇಲ್ಲ," ಎಂದ ಮಾಲತೇಶ.

ಒಂದು ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಆ ಹೆಸರಿನ ಜತೆ ಹೇಳಬೇಕಾದದ್ದು ಇನ್ನೊಂದಿತ್ತು, ಅದನ್ನು ಅವನು ಹೆತ್ತ ತಾಯಿಗೂ ಹೇಳಿರಲಿಲ್ಲ.

*

ನಾಗರಾಜ ಲೇಡೀಸ್ ಟೈಲರು. ಬಸ್ ನಿಲ್ದಾಣದ ಹಿಂದಿನ ಅವನ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನು ಮೆಷಿನ್ನಿನ ಮುಂದೆ ಕೂತು ಯಾರದ್ದೋ ರವಿಕೆಗೆ ತೋಳು ಕೂಡಿಸುತ್ತಿದ್ದ. ಗಡ್ಡ ಬೆಳೆದಿತ್ತು. ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು.

ಹೆಂಡತಿ ಕಾಣೆಯಾಗಿ ನಾಲ್ಕು ದಿನ, ಇವನು ರವಿಕೆ ಹೊಲಿಯುತ್ತಿದ್ದಾನೆ.

ಮಾಲತೇಶ ಆ ಟೇಪಿನ ಎರಡೂ ತುದಿ ಹಿಡಿದು ಎಳೆದ. ನಾಗರಾಜ ಮೆಷಿನ್ನಿನ ಮೇಲೆ ಮುಗ್ಗರಿಸಿದ, ಸೂಜಿ ಟಕ್ಕನೆ ಮುರಿಯಿತು. ಮಲ್ಲೇಶಪ್ಪ ಮಂಡಿನೋವು ಮರೆತು ಒಳಗೆ ನುಗ್ಗಿ ಮಾಲತೇಶನ ಮಣಿಕಟ್ಟನ್ನು ಹಿಂದಕ್ಕೆ ತಿರುಚಿದರು. ಸತ್ತವನ ಬಾಯಿಂದ ಮಾತು ಬರಲ್ಲ, ಬಿಡು ಅಂದರು. ಮೂವತ್ತೊಂದು ವರ್ಷದ ಹಿಡಿತ ಅದು, ಬಿಡಿಸಿಕೊಳ್ಳಲು ಆಗಲಿಲ್ಲ.

ಆಮೇಲೆ ಬಾಗಿಲು ಮುಂದಕ್ಕೆ ಹಾಕಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾಲ್ಕು ಹಾಳೆಗಳನ್ನೂ ಸಾಲಾಗಿ ಹರಡಿದರು.

"ಇದು ಯಾರ ಕೈ?"

"ನನ್ ಹೆಂಡ್ತಿದು."

"ಅಡಿಕೆ ಸುಲಿದ ಕೈ ಹಿಂಗೆ ಇರ್ತೈತಾ?"

ನಾಗರಾಜ ಗಂಟಲು ನೀವಿಕೊಳ್ಳುತ್ತ, ಈಗಿನ ಫೋನಿನಲ್ಲಿ ಬ್ಯೂಟಿ ಅಂತ ಒಂದಿದೆ, ಅದನ್ನು ಒತ್ತಿದರೆ ಕಪ್ಪಗಿದ್ದದ್ದೆಲ್ಲ ಬೆಳ್ಳಗಾಗುತ್ತದೆ ಎಂದ. ಹೇಳುವಾಗ ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ಎತ್ತಿ ಇಟ್ಟ, ಎತ್ತಿ ಇಟ್ಟ.

ಮಲ್ಲೇಶಪ್ಪ ಎರಡನೇ ಹಾಳೆಯನ್ನು ಅವನ ಮುಂದೆ ಸರಿಸಿ, ಗಂಡಸಿನ ಕೈಯ ತೋರುಬೆರಳಿನ ಮೇಲೆ ತಮ್ಮ ಉಗುರು ಇಟ್ಟರು. ಅಲ್ಲಿ ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ಚುಕ್ಕೆಗಳು ಒಂದೊಂದೂ ಎಣಿಸುವಂತೆ ಕಾಣುತ್ತಿದ್ದವು.

"ನಿನ್ ಫೋನು ಬಾಳ ಜಾಣ ಐತಪ್ಪ. ಒಂದೇ ಫೋಟೋದಾಗೆ ಹೆಂಡ್ತಿ ಕೈ ತೊಳ್ದೈತೆ, ಗಂಡನ ಕೈ ಹಂಗೇ ಬಿಟ್ಟೈತೆ."

ನಾಗರಾಜ ತೋರುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

ಮಲ್ಲೇಶಪ್ಪ ದನಿ ಏರಿಸಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಸೋಮವಾರ ಸಂಜೆಯವರೆಗೆ ಎಲ್ಲಿದ್ದೆ ಎಂದು ಕೇಳಿದರು. ಮೈಸೂರಿನಲ್ಲೇ ಹುಡುಕುತ್ತಿದ್ದೆ ಎಂದ. ಯಾವ ಬೀದಿ, ಯಾರನ್ನು ಕೇಳಿದೆ, ಎಲ್ಲಿ ಊಟ ಮಾಡಿದೆ ಎಂದು ಒಂದೊಂದಾಗಿ ಕೇಳಿದರು. ಮೊದಲ ಎರಡಕ್ಕೆ ಉತ್ತರ ಬಂತು. ಮೂರನೆಯದಕ್ಕೆ ನಾಗರಾಜ ಮತ್ತೆ ಮೊದಲಿನ ಬೀದಿಯ ಹೆಸರನ್ನೇ ಹೇಳಿದ.

ಮಾಲತೇಶ ಬಗ್ಗಿ ಅವನ ಮುಖದ ಹತ್ತಿರ ಮುಖ ತಂದ. ಅವನಿಗೆ ಈಗ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಆ ಭಯ ಕಾಣಬಾರದೆಂದು ಸಿಟ್ಟನ್ನೇ ಮುಂದೆ ಮಾಡಿದ.

"ಆ ಬಿಳೀ ಕೈಯೋಳಿಗೋಸ್ಕರ ನಮ್ಮಕ್ಕನ್ನ ಎಲ್ಲಿ ಹಾಕಿದೀಯ? ಹೇಳು. ಕೆರೆಗಾ? ಗುಂಡಿಗಾ? ಗುಂಡಿಯಾದ್ರೆ ನನ್ ಜೆಸಿಬಿ ತಂದು ಇಡೀ ತಾಲ್ಲೂಕು ಅಗೀತೀನಿ. ಜಾಗ ಒಂದು ಹೇಳು ಸಾಕು."

ಆಗ ನಾಗರಾಜ ಅತ್ತ. ಗಂಡಸು ಅಳುವುದನ್ನು ಮಾಲತೇಶ ಬೇಕಾದಷ್ಟು ನೋಡಿದ್ದ, ಆದರೆ ಇದು ಬೇರೆ ಥರ. ಯಾರದ್ದೋ ಅರ್ಧ ಹೊಲಿದ ರವಿಕೆಗೆ ಮುಖ ಒತ್ತಿಕೊಂಡು, ದನಿ ಬೀದಿಗೆ ಕೇಳದಂತೆ ಅತ್ತ.

"ಅವಳ ಕೈ ನನಗೆ ಗೊತ್ತಿಲ್ಲ ಅಂದ್ಕಂಡಿದೀಯೇನೋ?" ಎಂದ ತಲೆ ಎತ್ತಿ. "ಮೂರು ತಿಂಗಳಿಂದ ದಿನಾ ಕೊಬ್ರಿ ಎಣ್ಣೆ ಹಚ್ಚಿ ತಿಕ್ಕೋನು ನಾನು. ಫೋಟೋದಾಗಾದ್ರೂ ಅವಳ ಕೈ ಚೆನ್ನಾಗಿ ಕಾಣ್ಲಿ ಅನ್ನಿಸ್ತು. ಅದೇ ತಪ್ಪಾತು."

"ಅವಳು ಎಲ್ಲಿ?"

"ಮೈಸೂರಿಗೆ ಅವಳು ಬರ್ಲೇ ಇಲ್ಲ, ಮಾಲತೇಶ. ನಾನೊಬ್ನೇ ಹೋಗಿದ್ದೆ."

ಹೊರಗೆ ಬಸ್ಸೊಂದು ಹಾರನ್ ಹೊಡೆದು ಹೋಯಿತು. ಮಲ್ಲೇಶಪ್ಪ ಸ್ಟೂಲು ಎಳೆದುಕೊಂಡು ಕೂತರು.

ಕಥೆ ಚೂರುಚೂರಾಗಿ ಹೊರಬಿತ್ತು. ಶುಕ್ರವಾರ ಬೆಳಿಗ್ಗೆ ಗಂಡ ಹೆಂಡತಿ ಜತೆಯಲ್ಲೇ ನಲ್ಲೂರು ಬಿಟ್ಟರು. ದಾವಣಗೆರೆ ಬಸ್ ನಿಲ್ದಾಣದಲ್ಲಿ ಇಬ್ಬರೂ ಬೆಣ್ಣೆದೋಸೆ ತಿಂದರು. ಆಮೇಲೆ ಅವಳು ಜಗಳೂರು ಬಸ್ಸು ಹತ್ತಿದಳು, ಇವನು ಮೈಸೂರು ಬಸ್ಸು ಹತ್ತಿದ. ಕಿಟಕಿಯಿಂದ ಕೈ ಹೊರಗೆ ಹಾಕಿ, ದಿನಾ ಸ್ಟೇಟಸ್ ಹಾಕೋದು ಮರೀಬ್ಯಾಡ್ರಿ, ಅದನ್ನ ಅವನು ನೋಡೇ ನೋಡ್ತಾನೆ ಎಂದು ಎರಡು ಸಲ ಹೇಳಿದಳಂತೆ.

ಮದುವೆಯಾದ ನಾಲ್ಕನೇ ವರ್ಷಕ್ಕೆ ನಾಗರಾಜ ಮೈಸೂರಿನಲ್ಲಿ ಇಬ್ಬರ ರೂಮಿನಲ್ಲಿ ಒಬ್ಬನೇ ಮಲಗಿದ. ಎರಡು ಊಟ ತರಿಸಿ, ಎರಡು ತಟ್ಟೆಯ ಫೋಟೋ ತೆಗೆದು, ಒಂದನ್ನು ನಾಯಿಗೆ ಹಾಕಿದ. ಶನಿವಾರ ಅರಮನೆಯ ಗೇಟಿನ ಹತ್ತಿರ ಮೆಹಂದಿ ಹಾಕುವ ಒಬ್ಬ ಹೆಂಗಸಿನ ಮುಂದೆ ನಿಂತು, ಅಮ್ಮಾ ನಿಮ್ಮ ಕೈ ಒಂದು ನಿಮಿಷ ನನ್ನ ಕೈ ಮೇಲೆ ಇಡ್ತೀರಾ ಎಂದು ಕೇಳಿದ. ಅವಳು ಮೊದಲು ಚಪ್ಪಲಿ ತೋರಿಸಿದಳು. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಊರಿನವರಿಗೆ ಗೊತ್ತಾಗಬಾರದು, ಇವತ್ತು ನಮ್ಮ ಮದುವೆಯ ದಿನ ಎಂದು ಅಂಗಲಾಚಿದ ಮೇಲೆ ಕೈ ಇಟ್ಟಳು. ದುಡ್ಡು ಕೂಡ ತೆಗೆದುಕೊಳ್ಳಲಿಲ್ಲ.

ಭಾನುವಾರ ನಸುಕಿಗೆ ಬಸ್ಸು ಹತ್ತಿ ಮಧ್ಯಾಹ್ನ ಜಗಳೂರು ಸೇರಿದ. ಮೂರು ಗಂಟೆಗೆ ಬಸ್ ನಿಲ್ದಾಣಕ್ಕೆ ಬರುತ್ತೇನೆ ಎಂದವಳು ಬರಲಿಲ್ಲ. ಫೋನು ಸ್ವಿಚ್ ಆಫ್. ಅಲ್ಲೇ ಕಾದ, ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಬೆಳಗು ಮಾಡಿದ, ಕಂಡ ಕಂಡ ಅಂಗಡಿಯವರಿಗೆ ಅವಳ ಫೋಟೋ ತೋರಿಸಿದ. ಸೋಮವಾರ ಬೆಳಿಗ್ಗೆ ತಲೆ ಕೆಟ್ಟು, ಮತ್ತೆ ಮೈಸೂರಿಗೆ ಬಸ್ಸು ಹತ್ತಿ, ಅಲ್ಲಿಯ ಠಾಣೆಯಲ್ಲಿ ಹೆಂಡತಿ ಲಾಡ್ಜಿನಿಂದ ಕಾಣೆಯಾದಳು ಎಂದು ಬರೆದುಕೊಟ್ಟ.

ಮೂರು ದಿನ. ಮೂರು ದಿನ ಪೊಲೀಸರು, ಮಾಲತೇಶ, ಅವನ ಗೆಳೆಯರು ಅವಳು ಕಾಲಿಡದ ಊರಿನಲ್ಲಿ ಅವಳನ್ನು ಹುಡುಕಿದ್ದರು.

"ಯಾಕೆ?" ಎಂದ. ಇನ್ನೊಮ್ಮೆ ಕೇಳಿದ. "ಯಾಕೋ ಸುಳ್ಳು ಹೇಳಿದೆ?"

ನಾಗರಾಜ ಅವನ ಕಣ್ಣಲ್ಲಿ ಕಣ್ಣಿಟ್ಟ. ಮೂರು ದಿನದಲ್ಲಿ ಮೊದಲ ಸಲ.

"ನಿನಗೆ ಗೊತ್ತಾಗಬಾರ್ದು ಅಂತ. ಇಷ್ಟೂ ಮಾಡಿದ್ದು ನಿನ್ನ ಭಯಕ್ಕೆ. ಅವಳು ಹೋಗಿದ್ದು ಸುನೀತಾನ್ನ ನೋಡಾಕೆ."

ಮಲ್ಲೇಶಪ್ಪ ಯಾರು ಸುನೀತಾ ಎಂದು ಕೇಳಿದರು. ನಾಗರಾಜನೇ ಹೇಳಿದ. ಅನ್ನಪೂರ್ಣ ಹಿರಿಯವಳು, ಮಾಲತೇಶ ನಡುವಿನವನು, ಸುನೀತಾ ಕಡೆಯವಳು. ಮೂರು ವರ್ಷದ ಹಿಂದೆ ಸುನೀತಾ ಮನೆಯವರು ಒಪ್ಪದ ಸಿದ್ದು ಎಂಬ ಮೀನುಗಾರರ ಹುಡುಗನ ಜತೆ ಹೋದಳು. ಅವತ್ತು ಮಾಲತೇಶ ಕುಡುಗೋಲು ಹಿಡಿದು ಬೀದಿಯಲ್ಲಿ ನಿಂತು, ಎಲ್ಲಿ ಸಿಕ್ಕರೂ ಇಬ್ಬರನ್ನೂ ಕಡಿಯುತ್ತೇನೆ, ಅವರ ಹೊಸ್ತಿಲು ತುಳಿದವರನ್ನೂ ಬಿಡುವುದಿಲ್ಲ ಎಂದು ಊರೆಲ್ಲ ಕೇಳುವಂತೆ ಆಣೆ ಮಾಡಿದ್ದ. ತಾಯಿ ಅಜ್ಜಮ್ಮ ಅವನ ಪಕ್ಕದಲ್ಲೇ ನಿಂತು ಬೀದಿಯ ಮಣ್ಣು ತೂರಿ ಶಾಪ ಹಾಕಿದ್ದಳು.

"ಸುನೀತಾ ಬಸುರಿ ಅಂತೆ," ಎಂದ ನಾಗರಾಜ. "ಏಳು ತಿಂಗಳು. ತವರಿನಿಂದ ಉಡಿ ತುಂಬೋರು ಒಬ್ರೂ ಇಲ್ಲ ಅಂತ ಫೋನಿನಾಗೆ ಅತ್ಲಂತೆ. ಜಗಳೂರಾಗೆ ಇದೀನಿ, ಅಕ್ಕಾ ನೀನೊಬ್ಳೇ ಬಾ, ಯಾರಿಗೂ ಹೇಳಬ್ಯಾಡ, ಅಣ್ಣಂಗೆ ಗೊತ್ತಾದ್ರೆ ನನ್ನ ಉಳಿಸಲ್ಲ ಅಂದ್ಲಂತೆ. ಅವತ್ತಿಂದ ಅನ್ನಪೂರ್ಣಂಗೆ ಊಟ ಇಲ್ಲ, ನಿದ್ದೆ ಇಲ್ಲ. ಮದುವೆ ದಿನದ ನೆಪದಾಗೆ ಮೈಸೂರು ಅಂತ ಹೇಳಿ ಹೋಗಿ ಬರ್ತೀನಿ ಅಂದ್ಲು. ಹೆಂಗೆ ಬ್ಯಾಡ ಅನ್ಲಿ?"

ಮಾಲತೇಶ ನಿಂತಲ್ಲೇ ಗೋಡೆಗೆ ಒರಗಿದ. ಬೆನ್ನು ಗೋಡೆಯ ಮೇಲೆ ಜಾರುತ್ತ ಜಾರುತ್ತ ಬಟ್ಟೆಯ ಚೂರುಗಳ ನಡುವೆ ಕೂತುಬಿಟ್ಟ.

ಮಲ್ಲೇಶಪ್ಪ ಅವನು ಅಳುತ್ತಾನೆ ಅಂದುಕೊಂಡರು. ಅವನು ಅಳುತ್ತಿರಲಿಲ್ಲ.

"ಸುನೀತಾ ಜಗಳೂರಾಗೆ ಇಲ್ರಿ," ಎಂದ. "ಸೂಳೆಕೆರೆ ದಂಡೇಲಿ ಅದಾಳೆ. ಇದೇ ತಾಲ್ಲೂಕಿನಾಗೆ. ಅವಳು ಬಸುರಿನೂ ಅಲ್ಲ. ಅವಳ ಮಗಂಗೆ ಈಗ ಒಂದೂವರೆ ವರ್ಷ."

"ನಿನಗೆ ಹೆಂಗೆ ಗೊತ್ತು?" ಎಂದ ನಾಗರಾಜ.

"ಭಾನುವಾರ ಅವಳ ಮನೇಲಿ ಉಂಡಿದೀನಿ."

ಹೇಳಿದ ಮೇಲೆ ಎಲ್ಲವನ್ನೂ ಹೇಳಿದ. ಹೋದ ವರ್ಷ ಕೆರೆಯ ಏರಿಯ ಕೆಲಸಕ್ಕೆ ಜೆಸಿಬಿ ತಂದಿದ್ದಾಗ ಸಿದ್ದು ದೋಣಿಯಿಂದ ಇಳಿದು ನೇರ ಅವನ ಮುಂದೆ ಬಂದು ನಿಂತಿದ್ದ. ಕಡಿಯುವುದಾದರೆ ಇವತ್ತೇ ಕಡಿ, ದಿನಾ ಹೆದರಿಕೊಂಡು ಬದುಕಲು ಆಗಲ್ಲ ಎಂದಿದ್ದ. ಅವನ ಹೆಗಲ ಮೇಲೆ ಒಂದು ಕೂಸಿತ್ತು. ಕೂಸು ಮಾಲತೇಶನ ಮೂಗು ಹಿಡಿದು ಎಳೆದಿತ್ತು. ಅಲ್ಲಿಗೆ ಆಣೆ ಮುಗಿಯಿತು. ಆದರೆ ಊರ ಮುಂದೆ ಕುಡುಗೋಲು ಹಿಡಿದವನು ಹೋಗಿ ತಂಗಿಯ ಮನೆಯಲ್ಲಿ ಮೀನುಸಾರು ಉಂಡು ಬಂದೆ ಎಂದು ಹೇಗೆ ಹೇಳುವುದು? ಮುಖ ಉಳಿಸಿಕೊಳ್ಳಲು ಮುಚ್ಚಿಟ್ಟ. ಅವ್ವನಿಗೆ ಹೇಳಲಿಲ್ಲ. ಅಕ್ಕನಿಗೂ ಹೇಳಬೇಡ ಎಂದು ಸುನೀತಳ ಕೈಯಲ್ಲಿ ಭಾಷೆ ತೆಗೆದುಕೊಂಡ.

ಒಂದೇ ಒಂದು ಮಾತು ಅಕ್ಕನ ಕಿವಿಗೆ ಹಾಕಿದ್ದರೆ ಅವಳು ಆ ಬಸ್ಸು ಹತ್ತುತ್ತಿರಲಿಲ್ಲ. ಅವಳು ಭಾನುವಾರ ಎಲ್ಲೋ ಕೊನೆಯ ಮಾತ್ರೆ ನುಂಗುತ್ತಿದ್ದ ಹೊತ್ತಿಗೆ ಇವನು ಕೆರೆಯ ದಂಡೆಯಲ್ಲಿ ಕೂತು ಬೆರಳು ನೆಕ್ಕುತ್ತಿದ್ದ.

ಮಾಲತೇಶ ಜೇಬಿನಿಂದ ಫೋನು ತೆಗೆದು ಸುನೀತಳಿಗೆ ಹಚ್ಚಿ ಸ್ಪೀಕರಿಗೆ ಹಾಕಿದ. ಅಕ್ಕನಿಗೆ ನೀನು ಯಾವಾಗಲಾದರೂ ಫೋನು ಮಾಡಿದ್ದೆಯಾ ಎಂದು ಕೇಳಿದ. ಅವಳು ಇಲ್ಲ ಎಂದಳು. ನೀನೇ ಬೇಡ ಅಂದಿದ್ದೆಯಲ್ಲಣ್ಣ, ಅಕ್ಕ ಸಿಕ್ಕಳಾ ಎಂದು ಕೇಳುತ್ತ ಬಿಕ್ಕಿದಳು. ಆ ಕಡೆ ಮಗುವೂ ಅಳಲು ಶುರುಮಾಡಿತು. ಅವನು ಉತ್ತರ ಕೊಡದೆ ಕಟ್ ಮಾಡಿದ.

ಮಲ್ಲೇಶಪ್ಪ ಮೇಜಿನ ಮೇಲಿನ ಹಾಳೆಗಳನ್ನು ಒಟ್ಟುಮಾಡಿದರು.

"ಈಗ ಇಬ್ರೂ ನನ್ ಮಾತು ಕೇಳ್ರಿ," ಎಂದರು ಮಲ್ಲೇಶಪ್ಪ. "ಕರೆದೋರು ಯಾರೋ, ಅವರಿಗೆ ಎರಡು ವಿಷ್ಯ ಗೊತ್ತಿತ್ತು. ಉಡಿ ತುಂಬೋರಿಲ್ಲ ಅಂದ್ರೆ ಅನ್ನಪೂರ್ಣ ಓಡಿ ಬರ್ತಾಳೆ ಅಂತ ಒಂದು. ಬರುವಾಗ ಸುಳ್ಳು ಹೇಳೇ ಬರ್ತಾಳೆ, ಆಮೇಲೆ ಯಾರೂ ಜಗಳೂರಾಗೆ ಹುಡುಕಲ್ಲ ಅಂತ ಇನ್ನೊಂದು. ದಾರಿಹೋಕರಿಗೆ ಗೊತ್ತಾಗೋ ಸಂಗ್ತಿ ಅಲ್ಲ ಇದು."

ಅವರು ನಾಗರಾಜನ ಕಡೆ ತಿರುಗಿ, ಅನ್ನಪೂರ್ಣ ಆ ದನಿಯನ್ನು ತಂಗಿಯದೇ ಎಂದು ಹೇಗೆ ನಂಬಿದಳು ಎಂದು ಕೇಳಿದರು. ದನಿ ಸರಿಯಾಗಿ ಕೇಳಿಸಲೇ ಇಲ್ಲವಂತೆ ಎಂದ ನಾಗರಾಜ. ಪಿಸುಮಾತು, ಅದರಲ್ಲಿ ಅಳುವೇ ಜಾಸ್ತಿ. ಎರಡು ಸಲ ಬಂತಂತೆ, ಎರಡು ಸಲವೂ ಎರಡೇ ನಿಮಿಷ.

"ಮತ್ತೆ ಹೆಂಗೆ ನಂಬಿದ್ಲು?"

"ನಂಬರ್ ಅವಳ್ದೇ ಅಲ್ವೇನ್ರಿ. ಸುನಿ ಅಂತ ಹೆಸರು ಬಂತು ಫೋನಿನ ಮ್ಯಾಲೆ, ನಾನೇ ನೋಡಿದೀನಿ. ಮೂರು ವರ್ಷ ಆದ್ರೂ ಅನ್ನಪೂರ್ಣ ಆ ನಂಬರ್ ಅಳಿಸಿರ್ಲಿಲ್ಲ. ಭಾನುವಾರದಿಂದ ನಾನೂ ಅದಕ್ಕೇ ಹಚ್ತಾ ಇದೀನಿ, ಆಫ್ ಬರ್ತೈತೆ."

ಅವನು ತನ್ನ ಫೋನು ತೆರೆದು ಮುಂದೆ ಹಿಡಿದ. ಒಂದೇ ನಂಬರು, ಪರದೆ ಸರಿಸಿದಷ್ಟೂ ಅದೇ ನಂಬರು, ಅರವತ್ತಕ್ಕೂ ಹೆಚ್ಚು ಸಲ.

ಮಾಲತೇಶ ಕೂತಲ್ಲಿಂದಲೇ ಅದನ್ನು ನೋಡಿದ. ಕೊನೆಯ ನಾಲ್ಕು ಅಂಕಿ ಓದಿದ. ಮತ್ತೆ ಮೊದಲಿನಿಂದ ಓದಿದ. ಎದ್ದು ನಿಲ್ಲಲು ಮೇಜಿನ ಅಂಚು ಹಿಡಿದವನ ಕೈ ತಾಗಿ ಕತ್ತರಿ ಕೆಳಗೆ ಬಿತ್ತು.

ಇದು ಸುನೀತಳ ಹಳೆಯ ನಂಬರಾ ಎಂದು ಮಲ್ಲೇಶಪ್ಪ ಕೇಳಿದರು. ಹೌದೆಂದು ಮಾಲತೇಶ ತಲೆಯಾಡಿಸಿದ. ಈಗ ಅವಳು ಬೇರೆ ನಂಬರ್ ಇಟ್ಟುಕೊಂಡಿದ್ದಾಳಾ ಎಂದು ಕೇಳಿದರು. ಅದಕ್ಕೂ ತಲೆಯಾಡಿಸಿದ.

"ಹಂಗಾದ್ರೆ ಈ ಹಳೇದು ಯಾರ ಹತ್ರ ಐತೆ?"

"ಓಡಿ ಹೋಗೋ ಹಿಂದಿನ ದಿನ ಅವಳ ಫೋನು ನಾನೇ ಕಿತ್ಕಂಡಿದ್ದೆ," ಎಂದ ಮಾಲತೇಶ. ಪ್ರತಿಯೊಂದು ಪದವನ್ನೂ ಯಾರೋ ಒಳಗಿನಿಂದ ಕಿತ್ತು ಕೊಡುತ್ತಿದ್ದ ಹಾಗಿತ್ತು. "ಸಿಮ್ಮು, ಫೋನು ಎಲ್ಲಾ. ಅವ್ವನ ಕೈಗೆ ಕೊಟ್ಟೆ. ಅವ್ವ ಟ್ರಂಕಿನಾಗೆ ಹಾಕಿ ಬೀಗ ಹಾಕಿದ್ಲು."

"ಕೀಲಿ?"

"ಅವ್ವನ ಸೊಂಟದಾಗೆ. ಸ್ನಾನಕ್ಕೆ ಹೋದ್ರೂ ಬಿಚ್ಚಲ್ಲ."

ಮಲ್ಲೇಶಪ್ಪ ಮೇಲೆದ್ದರು. ಬೈಕು ತೆಗಿ ಎಂದರು. ಮಾಲತೇಶ ಕದಲಲಿಲ್ಲ.

ಮೂರು ದಿನದಿಂದ ಮನೆಯ ಹೊಸ್ತಿಲು ದಾಟಿದಾಗಲೆಲ್ಲ ಓಣಿಯವರು, ಅಂಗಡಿಯವರು, ಮುಖ ಪರಿಚಯವಿಲ್ಲದ ಬಸ್ಸಿನ ಕಂಡಕ್ಟರು ಕೂಡ ಅವನನ್ನು ತಡೆದು, ನಿಮ್ಮಕ್ಕ ಸಿಕ್ಕಳೇನಪ್ಪ ಎಂದು ಕೇಳಿದ್ದರು. ಅವನು ಈಗ ಒಬ್ಬೊಬ್ಬರ ಮುಖವನ್ನೂ ನೆನಪು ಮಾಡಿಕೊಂಡ.

ಒಂದು ಸಲವೂ ಕೇಳದೆ ಇದ್ದವಳು ಅವ್ವ ಒಬ್ಬಳೇ.